ನಾಲ್ಕರಲ್ಲಿ ಮಾತ್ರ ತಿರುಗುವ ಫ್ಯಾನು

ನಮ್ಮ 11 ವರ್ಷದ ಹಳೇ ಕಾರಿನ ಎಸಿ ಫ್ಯಾನು ಮಾರ್ಚಿನಲ್ಲೇ ಮುನಿಸಿಕೊಂಡಿತ್ತು. ಒಂದು, ಎರಡು, ಮೂರರಲ್ಲಿ ಉಸಿರೇ ಇಲ್ಲ. ನಾಲ್ಕಕ್ಕೆ ತಿರುಗಿಸಿದರೆ ಭರ್ರೋ ಅಂತ ಗಾಳಿ. ಗ್ಯಾರೇಜಿನಲ್ಲಿ ತೋರಿಸಿದೆ. ಬಾಗಿಲು ಕೂಡ ತೆರೆಯದೆ, ಹೊರಗೆ ನಿಂತೇ ಹೇಳಿದರು: "ಬ್ಲೋವರ್ ಮೋಟರ್ ಹೋಗಿದೆ, ಡ್ಯಾಶ್‌ಬೋರ್ಡ್ ಇಳಿಸಬೇಕು, 14 ಸಾವಿರ ಆಗುತ್ತೆ." ಅಷ್ಟು ದುಡ್ಡು ಯಾಕೆ, ನಾಲ್ಕರಲ್ಲಿ ಓಡ್ತಿದೆಯಲ್ಲ ಅಂತ ವಾಪಸ್ ಬಂದೆ. ತಪ್ಪು ಅವರದು ಎಷ್ಟೋ ನನ್ನದೂ ಅಷ್ಟೇ.

ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಬೆಳ್ತಂಗಡಿಗೆ ಹೊರಟೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದಾಗ ಮಳೆ ಜೋರಾಗಿತ್ತು. ಮೂರನೇ ತಿರುವೋ ನಾಲ್ಕನೆಯದೋ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಫ್ಯಾನು ನಿಂತೇ ಹೋಯಿತು. ಎರಡು ನಿಮಿಷ ಕೂಡ ಆಗಿರಲಿಲ್ಲ, ಮುಂದಿನ ಗಾಜಿಗೆ ಒಳಗಿಂದ ಹಾಲು ಬಳಿದ ಹಾಗೆ ಆವಿ ಕೂತಿತು. ಎದುರಿಂದ ಬಸ್ಸು ಬರುತ್ತಿರುವುದು ಗೊತ್ತಾಗಿದ್ದು ಹಾರ್ನ್ ಕೇಳಿ. ಅಮ್ಮ ಸೆರಗಿನಿಂದ ಗಾಜು ಒರೆಸುತ್ತಾ, ನಾನು ಕಿಟಕಿ ಇಳಿಸಿ ತೋಳು ಪೂರ್ತಿ ನೆನೆಸಿಕೊಂಡು, ಹೇಗೋ ಇಳಿದೆವು.

ಈ ಫ್ಯಾನನ್ನು ನಾವು ಬರೀ ತಂಪಿನ ಸುಖಕ್ಕೆ ಅಂದುಕೊಂಡಿದ್ದೇವೆ, ಅಲ್ವಾ? ಎಂಜಿನ್ನಿನ ಬಿಸಿ ನೀರು ಹೀಟರ್‌ಗೆ ಬರುತ್ತದೆ, ಎಸಿಯ ಕಾಯಿಲ್ ತಣ್ಣಗಾಗುತ್ತದೆ. ಎರಡೂ ಡ್ಯಾಶ್‌ಬೋರ್ಡಿನ ಒಳಗೆ ಸುಮ್ನೆ ಕೂತಿರುತ್ತವೆ. ಆ ಬಿಸಿಯನ್ನೂ ಆ ತಂಪನ್ನೂ ಹೊತ್ತು ತರುವುದು ಈ ಒಂದೇ ಫ್ಯಾನು. ಮಳೆಗಾಲದಲ್ಲಿ ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಗಾಜನ್ನು ಬೆಚ್ಚಗಿಡುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ ಗಾಜಿಗೆ ಬಿಟ್ಟರೆ ಆವಿ ಬೇಗ ಹೋಗುತ್ತದೆ. ಫ್ಯಾನೇ ಇಲ್ಲದಿದ್ದರೆ ಬ್ರೇಕು, ಟಯರು ಎಲ್ಲ ಸರಿಯಿದ್ದೂ ನೀವು ಕುರುಡರು.

ಮಾರನೇ ದಿನ ಪೇಟೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ, "ಒಂದೇ ಸಲ ನಿಂತಿತಾ, ಮೊದಲು ಸಣ್ಣ ಸ್ಪೀಡುಗಳು ಹೋದವಾ?" ಹೇಳಿದೆ. ನಕ್ಕರು. "ಹಾಗಾದರೆ ಮೋಟರ್ ಅಲ್ಲ ಸಾರ್, ರೆಸಿಸ್ಟರ್." ಫ್ಯಾನಿನ ವೇಗ ತಗ್ಗಿಸುವ ಬಿಡಿಭಾಗವಂತೆ ಅದು.

ಫ್ಯೂಸ್ ನೋಡಿದರು, 30 ಆಂಪಿಯರಿನದು, ಸರಿಯಾಗೇ ಇತ್ತು. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಎಡಗಡೆಯ ಗ್ಲೋವ್ ಬಾಕ್ಸ್ ಕಳಚಿದರು. ಡ್ಯಾಶ್‌ಬೋರ್ಡಿಗೆ ಕೈ ಕೂಡ ಹಚ್ಚಲಿಲ್ಲ! ಅಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು ಅಂದರು. ಮೋಟರಿನ ಪ್ಲಗ್ ತೆಗೆದು, ಎರಡು ತಂತಿ ಹಿಡಿದು ಬೇರೊಂದು ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟರು. ಫ್ಯಾನು ಜುಂಯ್ ಅಂತ ತಿರುಗಿತು. 14 ಸಾವಿರದ ಮೋಟರ್ ಗಟ್ಟಿಮುಟ್ಟಾಗಿತ್ತು.

ಆಮೇಲೆ ರೆಸಿಸ್ಟರ್ ಹೊರಬಂತು. ಹೆಬ್ಬೆರಳಿನಷ್ಟು ಅಗಲದ ತಟ್ಟೆ, ಮೇಲೆ ಸ್ಪ್ರಿಂಗಿನಂಥ ಮೂರು ಸುರುಳಿ. ಒಂದನೇ ಸ್ಪೀಡಿನಲ್ಲಿ ಕರೆಂಟು ಮೂರೂ ಸುರುಳಿ ದಾಟಿ ಸುಸ್ತಾಗಿ ಮೋಟರಿಗೆ ಹೋಗುತ್ತದೆ, ಎರಡರಲ್ಲಿ ಎರಡು ಸುರುಳಿ, ಮೂರರಲ್ಲಿ ಒಂದು. ನಾಲ್ಕರಲ್ಲಿ ಯಾವುದೂ ಇಲ್ಲ, ನೇರ. ಸುರುಳಿ ತುಂಬಾ ಬಿಸಿಯಾದರೆ ಕಡಿದುಕೊಳ್ಳಲಿ ಅಂತ ಪುಟ್ಟ ಥರ್ಮಲ್ ಫ್ಯೂಸ್ ಇರುತ್ತದೆ. ನಮ್ಮದು ಕಡಿದಿದ್ದು ಅದೇ. ನಾನು ನಾಲ್ಕು ತಿಂಗಳು ಫುಲ್ ಸ್ಪೀಡಿನಲ್ಲೇ ಓಡಿಸಿದ್ದರಿಂದ, ರೆಸಿಸ್ಟರಿಗೆ ಸಿಕ್ಕಿಸುವ, ಸಡಿಲವಾಗಿದ್ದ ಕನೆಕ್ಟರ್ ಕಾದು ಕರಗಿತ್ತು. ಈ ಕಾರಿನಲ್ಲಿ ನಾಲ್ಕರ ತಂತಿಯೂ ಅದೇ ಕನೆಕ್ಟರಿನ ಮೂಲಕ ಹೋಗುತ್ತದೆ. ಬಿಳಿ ಪ್ಲಾಸ್ಟಿಕ್ಕು ಸುಟ್ಟ ಹಲಸಿನ ಬೀಜದ ಹಾಗೆ ಕಂದಾಗಿ ಪಿನ್ನಿಗೆ ಅಂಟಿಕೊಂಡಿತ್ತು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಅವರು ಬಿಡಲಿಲ್ಲ. "ಹೊಸದು ಹಾಕಿದರೆ ಅದೂ ಸುಡುತ್ತೆ, ಮೊದಲು ಇದು ಯಾಕೆ ಕಾಯಿತು ನೋಡೋಣ" ಅಂದರು. ನನಗೆ ಅವರ ಮೇಲೆ ಗೌರವ ಬಂದಿದ್ದು ಆಗಲೇ. ಫ್ಯಾನನ್ನು ಬೆರಳಲ್ಲಿ ತಿರುಗಿಸಿದರು, ಹಗುರವಾಗಿ ತಿರುಗಿತು. ಬಿಗಿಯಾಗಿದ್ದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದಂತೆ. ಆಮೇಲೆ ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದರು. ಅದು ಫಿಲ್ಟರ್ ಅಲ್ಲ, ಗೊಬ್ಬರದ ಗುಂಡಿ. ನಾನು ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ವೈಪರ್ ಕೆಳಗಿನ ಜಾಲರಿಯಿಂದ ನುಗ್ಗಿದ ಹೊಂಗೆ ಹೂವು ಧೂಳಿನ ಜೊತೆ ಸೇರಿ ಬೆರಣಿ ಥರ ಗಟ್ಟಿಯಾಗಿತ್ತು. ರೆಸಿಸ್ಟರ್ ತಣ್ಣಗಾಗುವುದೇ ಫ್ಯಾನಿನ ಗಾಳಿಯಿಂದ. ಆ ಗಾಳಿಗೇ ದಾರಿ ಇರಲಿಲ್ಲ.

ರೆಸಿಸ್ಟರ್ 650, ಕನೆಕ್ಟರ್ 200, ಫಿಲ್ಟರ್ 350, ಕೂಲಿ 500. ಒಟ್ಟು 1,700 ರೂಪಾಯಿ.

ಗ್ಯಾರೇಜಿನವರು ಮೋಸಗಾರರು ಅಂತ ಬೈಯಲು ಇದನ್ನು ಬರೆಯುತ್ತಿಲ್ಲ. ನನ್ನ ಸಿಟ್ಟು ಇರುವುದು ನೋಡದೆ ಹೇಳುವ ಅಭ್ಯಾಸದ ಮೇಲೆ. ಜ್ವರ ಅಂದ ಕೂಡಲೇ ಆಪರೇಷನ್ ಬರೆದುಕೊಡುವ ಡಾಕ್ಟರನ್ನು ಒಪ್ಪುತ್ತೇವಾ? ಮಲ್ಟಿಮೀಟರ್ ಇಟ್ಟು ಮೋಟರ್ ತನಕ 12 ವೋಲ್ಟ್ ಬರ್ತಿದೆಯಾ ಅಂತ ನೋಡಲು ಐದು ನಿಮಿಷ ಸಾಕು. ಇನ್ನು ಕೆಲವರು ಇನ್ನೊಂದು ತುದಿ: ಥರ್ಮಲ್ ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ ಸುತ್ತಿ 50 ರೂಪಾಯಿಗೆ ಸರಿ ಮಾಡಿಕೊಡುತ್ತಾರೆ. ದಯವಿಟ್ಟು ಮಾಡಿಸಬೇಡಿ. ಅದು ಬೆಂಕಿಗೆ ಕೊಟ್ಟ ಆಮಂತ್ರಣ.

ನಿಮ್ಮ ಕಾರಿನ ಫ್ಯಾನಿಗೂ ತೊಂದರೆ ಇದ್ದರೆ ಮೊದಲು ಅದು ಹೇಗೆ ಕೆಟ್ಟಿತು ಗಮನಿಸಿ. ಯಾವ ಸ್ಪೀಡಿನಲ್ಲೂ ಇಲ್ಲ ಅಂದರೆ ಫ್ಯೂಸ್‌ನಿಂದ ಶುರು ಮಾಡಿ. ಮೋಟರಿಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಓಡಿದರೆ ಅದರೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ ಸವೆದಿರಬಹುದು. ಟಕಟಕ ಸದ್ದು ಬಂದರೆ ಎಲೆಯೋ ಕಡ್ಡಿಯೋ ಸಿಕ್ಕಿರಬಹುದು. ಮಲೆನಾಡಿನವರಾದರೆ ಇಲಿ ಗೂಡನ್ನೂ ನೋಡಿ, ತಮಾಷೆ ಅಲ್ಲ. ಆಟೋಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ಸುರುಳಿ ಬದಲು ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅದರ ಬೆಲೆ ಜಾಸ್ತಿ. ಮತ್ತೆ, ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತಾಗ ಸೆಕೆ ಅಂದರೆ ಬಾನೆಟ್ ಒಳಗಿನ ರೇಡಿಯೇಟರ್ ಫ್ಯಾನನ್ನು ಅನುಮಾನಿಸಿ. ಅದು ಬೇರೆಯೇ ಫ್ಯಾನು. ಟೆಂಪರೇಚರ್ ಮುಳ್ಳೂ ಏರುತ್ತಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ.

ಕಾರು ಈಗಲೂ ಹೊಂಗೆ ಮರದ ಕೆಳಗೇ ನಿಲ್ಲುತ್ತದೆ, ನಮ್ಮ ಬೀದಿಯಲ್ಲಿ ಬೇರೆ ನೆರಳಿಲ್ಲ. ಹೂವು ಉದುರುವ ತಿಂಗಳಲ್ಲಿ ವೈಪರ್ ಎತ್ತಿ ಆ ಜಾಲರಿ ಗುಡಿಸುವುದು ಭಾನುವಾರದ ಕೆಲಸವಾಗಿದೆ.