ಮೂಟೆ ಬೇಕಾದರೆ ಬಾಟ್ಲಿ ತಗೋ

2025ರ ಆಗಸ್ಟ್‌ನಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ಮಂಡ್ಯ ಕಡೆ, ನಾಲೆ ನೀರಿನ ಗದ್ದೆ. ನಾಟಿ ಮುಗಿದು ಮೂರು ವಾರವಾಗಿತ್ತು, ಪೈರಿಗೆ ಮೇಲುಗೊಬ್ಬರ ಕೊಡುವ ಹೊತ್ತು. ರಾಜ್ಯದ ತುಂಬ ಯೂರಿಯಾ ಇಲ್ಲ ಅಂತ ಗಲಾಟೆ. ದೊಡ್ಡಪ್ಪ ಬೆಳಗ್ಗೆ ಐದೂವರೆಗೇ ಎದ್ದು, ಕಾಫಿ ಕೂಡ ಕುಡಿಯದೆ, ಹಳೇ ಚಪ್ಪಲಿ ಒಂದು ಜೊತೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೊರಟರು. ಕಾಲಲ್ಲಿ ಒಂದು ಜೊತೆ, ಕೈಯಲ್ಲಿ ಒಂದು ಜೊತೆ.

"ಇದ್ಯಾಕೆ ದೊಡ್ಡಪ್ಪ?" ಅಂದೆ.

"ಇದು ಕ್ಯೂನಲ್ಲಿ ನಿಂತ್ಕತದೆ ಕಣ್ಲಾ. ನಾನು ಮರದಡಿ ಕೂತ್ಕತೀನಿ."

ಹೋಗಿ ನೋಡಿದರೆ ಗೊಬ್ಬರದ ಅಂಗಡಿ ಮುಂದೆ ನಮಗಿಂತ ಮೊದಲೇ ಇಪ್ಪತ್ತಮೂರು ಜೊತೆ ಚಪ್ಪಲಿ ನಿಂತಿದ್ದವು. ಒಬ್ಬ ಪುಣ್ಯಾತ್ಮ ಚಪ್ಪಲಿಯ ಬದಲು ಒಂದು ಕಲ್ಲಿಟ್ಟು, ಅದರ ಕೆಳಗೆ ಆಧಾರ್ ಜೆರಾಕ್ಸ್ ಸಿಕ್ಕಿಸಿದ್ದ. ಕಲ್ಲಿಗೂ ಗುರುತಿನ ಚೀಟಿ ಬೇಕಲ್ವಾ.

ಹತ್ತು ಗಂಟೆಗೆ ಅಂಗಡಿ ತೆಗೆದರು. ಹನ್ನೊಂದೂವರೆಗೆ ನಮ್ಮ ಚಪ್ಪಲಿಯ ಸರದಿ ಬಂತು. ದೊಡ್ಡಪ್ಪ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತಿದರು. ಐವತ್ತು ವರ್ಷ ಗುದ್ದಲಿ ಹಿಡಿದು ಸವೆದ ಹೆಬ್ಬೆಟ್ಟು, ಮೆಷಿನ್ನಿಗೆ ಗುರುತೇ ಸಿಗಲಿಲ್ಲ. ಪಂಚೆಗೆ ಒರೆಸಿ ಒತ್ತಿದರು, ಎಂಜಲು ಹಚ್ಚಿ ಒತ್ತಿದರು, ತಲೆಗೂದಲಿಗೆ ಉಜ್ಜಿ ಎಣ್ಣೆ ಮಾಡಿಕೊಂಡು ಒತ್ತಿದರು. ಕೊನೆಗೆ ಎಡಗೈಯ ತೋರುಬೆರಳು ಕೈ ಹಿಡಿಯಿತು. ಬಿಲ್ಲು ಬಂತು. ಯೂರಿಯಾ 45 ಕೆಜಿ ಮೂಟೆ, 266 ರೂಪಾಯಿ 50 ಪೈಸೆ. ಅದರ ಕೆಳಗೆ ಇನ್ನೊಂದು ಸಾಲು, ನ್ಯಾನೊ ಯೂರಿಯಾ, ನೀರಿಗೆ ಬೆರೆಸಿ ಎಲೆಗೆ ಹೊಡೆಯುವ ಗೊಬ್ಬರ, ಅರ್ಧ ಲೀಟರ್ ಬಾಟ್ಲಿ, 225 ರೂಪಾಯಿ.

"ಇದನ್ನ ನಾನು ಕೇಳ್ಲಿಲ್ವಲ್ಲಪ್ಪ."

"ಲಿಂಕು ಯಜಮಾನ್ರೆ. ಮೂಟೆ ಬೇಕು ಅಂದ್ರೆ ಬಾಟ್ಲಿ ತಗೋಬೇಕು."

ಹಸು ಕೊಳ್ಳಲು ಹೋದವನಿಗೆ ಜೊತೆಗೆ ಹಗ್ಗವನ್ನೂ ಕಟ್ಟಿ ಕಳಿಸಿದರೆ ಬೇಜಾರಿಲ್ಲ, ಹಗ್ಗ ಯಾವತ್ತಾದರೂ ಕೆಲಸಕ್ಕೆ ಬರುತ್ತದೆ. ಇದು ಯಾವ ಕೆಲಸಕ್ಕೆ? ಹೀಗೆ ಒಂದಕ್ಕೆ ಇನ್ನೊಂದನ್ನು ಗಂಟು ಹಾಕಿ ಮಾರಬಾರದು ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳುತ್ತಲೇ ಇದೆ. ಅಂಗಡಿಯವನನ್ನು ಕೇಳಿದರೆ "ನಮಗೂ ಮೇಲಿಂದ ಹಿಂಗೇ ಬರತ್ತೆ ಸಾರ್" ಅಂದ. ಮೇಲಿಂದ ಅಂದರೆ ಎಲ್ಲಿಂದಪ್ಪಾ ಅಂದರೆ ಫ್ಯಾನು ನೋಡಿದ. ಆಮೇಲೆ ಸಮಾಧಾನಕ್ಕೆ ಒಂದು ಮಾತು ಸೇರಿಸಿದ. "ಒಂದು ಬಾಟ್ಲಿ ಅಂದ್ರೆ ಒಂದು ಮೂಟೆಗೆ ಸಮ ಯಜಮಾನ್ರೆ. ನಿಮಗೆ ಲಾಭನೇ."

ಮನೆಗೆ ಬಂದು ಜಗಲಿ ಮೇಲೆ ಕೂತು ಬಾಟ್ಲಿ ಓದಿದೆವು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, ನಾನು ಹಾಕಿಕೊಳ್ಳದೆ. ಒಟ್ಟು ಸಾರಜನಕ ನೂರಕ್ಕೆ 4. ಯೂರಿಯಾ ಪೈರಿಗೆ ಕೊಡುವುದು ಈ ಸಾರಜನಕವನ್ನೇ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಈ ಬಾಟ್ಲಿಯನ್ನು ಇಫ್ಕೊ ಅನ್ನುವ ರೈತರ ಸಹಕಾರಿ ಗೊಬ್ಬರ ಸಂಸ್ಥೆ 2021ರಲ್ಲಿ ಬಿಡುಗಡೆ ಮಾಡಿತು, ಜಗತ್ತಿನಲ್ಲೇ ಮೊದಲು ಅಂತ. 2022ರ ಮೇನಲ್ಲಿ ಗುಜರಾತಿನ ಕಲೋಲ್‌ನಲ್ಲಿ ಪ್ರಧಾನಿಯವರೇ ಕಾರ್ಖಾನೆ ಉದ್ಘಾಟಿಸಿದರು. ಮೂಟೆಯ ಶಕ್ತಿ ಬಾಟ್ಲಿಯಲ್ಲಿ ಅಡಗಿದೆ ಅಂತ ಭಾಷಣಗಳಾದವು. 94 ಬೆಳೆಗಳು, 11,000 ರೈತರ ಹೊಲಗಳು, ಎಲ್ಲ ಕಡೆ ನೋಡಿದ್ದೇವೆ, ಇಳುವರಿ ಸರಾಸರಿ ನೂರಕ್ಕೆ 8 ಜಾಸ್ತಿ ಅಂತ ಸಂಸ್ಥೆ ಹೇಳಿತು. ಅಷ್ಟು ಹೊಲ ಸುತ್ತಿ ಬಂದವರ ಮುಂದೆ ನಾವು ಯಾವ ಗಿಡದ ತೊಪ್ಪಲು? ಆದರೂ ಲೆಕ್ಕ ಹಾಕಲು ದುಡ್ಡು ಕೊಡಬೇಕಾಗಿಲ್ಲ ನೋಡಿ, ಹಾಕಿಯೇಬಿಟ್ಟೆವು.

ಅರ್ಧ ಲೀಟರಿನಲ್ಲಿ ನೂರಕ್ಕೆ 4 ಅಂದರೆ 20 ಗ್ರಾಂ ಸಾರಜನಕ. ಯೂರಿಯಾದಲ್ಲಿ ನೂರಕ್ಕೆ 46, ಹಾಗಾಗಿ 45 ಕೆಜಿ ಮೂಟೆಯಲ್ಲಿ 20 ಕೆಜಿ 700 ಗ್ರಾಂ. ಈ ಕಡೆ 20 ಗ್ರಾಂ, ಆ ಕಡೆ 20 ಕೆಜಿ. ಸಮ! ಗ್ರಾಮಿಗೂ ಕೆಜಿಗೂ ನಡುವೆ ಮೂರು ಸೊನ್ನೆ ಇರುತ್ತೆ ಅಂತ ನಮ್ಮ ಮೇಷ್ಟ್ರು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದರು. ಸುಮ್ನೆ ಏಟು ತಿಂದೆ.

ದೊಡ್ಡಪ್ಪನಿಗೆ ಗ್ರಾಂ ಲೆಕ್ಕ ರುಚಿಸಲಿಲ್ಲ. "ಅಕ್ಕಿ ಲೆಕ್ಕದಲ್ಲಿ ಹೇಳು" ಅಂದರು. ಅಕ್ಕಿಯಲ್ಲಿ ಪ್ರೋಟೀನು ನೂರಕ್ಕೆ ಏಳರಷ್ಟು, ಪ್ರೋಟೀನಿನಲ್ಲಿ ಆರರಲ್ಲೊಂದು ಪಾಲು ಸಾರಜನಕ. ಹಾಗೆ ನೋಡಿದರೆ ಹೆಚ್ಚುಕಮ್ಮಿ ಒಂದೂಮುಕ್ಕಾಲು ಕೆಜಿ ಅಕ್ಕಿಯೊಳಗೇ 20 ಗ್ರಾಂ ಕೂತಿರುತ್ತದೆ. ಅಂದರೆ ಬಾಟ್ಲಿಯಲ್ಲಿರುವ ಸಾರಜನಕ ಒಂದು ಹನಿಯೂ ಪೋಲಾಗದೆ, ಪೂರ್ತಿ ಕಾಳಿಗೇ ಸೇರಿದರೂ, ಅದರಿಂದ ನಮ್ಮ ಮನೆಗೆ ಎರಡು ಹೊತ್ತಿನ ಅನ್ನ. ನೆಂಟರು ಬಂದರೆ ಒಂದೇ ಹೊತ್ತು.

ಆಗ ದೊಡ್ಡಮ್ಮ ಕೊಟ್ಟಿಗೆಯಿಂದ ಗಂಜಲದ ಬಕೀಟು ಎತ್ತಿಕೊಂಡು ತಿಪ್ಪೆ ಕಡೆ ಹೋಗುತ್ತಿದ್ದರು. ನನಗೆ ಥಟ್ಟನೆ ಹೊಳೆಯಿತು. ಹಸುವಿನ ಗಂಜಲದಲ್ಲಿ ಲೀಟರಿಗೆ ಐದರಿಂದ ಹತ್ತು ಗ್ರಾಂ ಸಾರಜನಕ ಇರುತ್ತದೆ. ಎರಡರಿಂದ ನಾಲ್ಕು ಲೀಟರಿಗೆ ಒಂದು ಬಾಟ್ಲಿ. ನಮ್ಮ ಗೌರಿ ಬೆಳಗ್ಗೆ ಎದ್ದು ಹಾಲು ಕರೆಯುವುದರೊಳಗೆ ಒಂದು ಬಾಟ್ಲಿ ಹುಯ್ದಿರುತ್ತಾಳೆ, ಸಂಜೆ ಮೇವು ಮುಗಿಸುವುದರೊಳಗೆ ಇನ್ನೊಂದು. ಜಗತ್ತಿನಲ್ಲೇ ಮೊದಲು ಅಂತ ಅವಳು ಯಾವತ್ತೂ ಹೇಳಿಕೊಂಡಿಲ್ಲ, ಕಾರ್ಖಾನೆ ಉದ್ಘಾಟನೆಗೆ ಯಾರನ್ನೂ ಕರೆದಿಲ್ಲ.

ಇರಲಿ, ಇನ್ನೊಂದು ಕಡೆಯ ವಾದವನ್ನೂ ಕೇಳೋಣ. ಹರಳು ಯೂರಿಯಾ ಎರಚಿದರೆ ಪೈರಿಗೆ ಸೇರುವುದು ಮೂರನೇ ಒಂದು ಪಾಲು, ಉಳಿದದ್ದು ಗಾಳಿಗೆ, ನೀರಿಗೆ. ಇದು ನಿಜ, ನಮ್ಮ ನಾಲೆ ನೀರನ್ನು ಕೇಳಿ ಹೇಳುತ್ತದೆ. ನ್ಯಾನೊ ಕಣ ಎಲೆಯ ಸೂಕ್ಷ್ಮ ರಂಧ್ರದಿಂದ ನೇರ ಒಳಗೆ ಹೋಗುತ್ತದೆ, ಪೋಲಾಗುವುದಿಲ್ಲ ಅನ್ನುತ್ತಾರೆ. ಒಪ್ಪಿದೆ ಅನ್ನಿ. ಮೂಟೆಯಲ್ಲಿ ಮೂರನೇ ಎರಡು ಪಾಲು ಹಾಳಾಗಿ ಹೋದರೂ ಪೈರಿಗೆ ಆರೇಳು ಕೆಜಿ. ಬಾಟ್ಲಿಯಲ್ಲಿ ಒಂದು ಚೂರೂ ಹಾಳಾಗದೆ ಇದ್ದರೆ 20 ಗ್ರಾಂ. ಇನ್ನು ಕಣ ಸಣ್ಣದು ಅನ್ನುವ ಮಾತು. ಈ ನ್ಯಾನೊ ಕಣ 20ರಿಂದ 50 ನ್ಯಾನೊಮೀಟರ್ ಅಂತೆ. ಮಾಮೂಲಿ ಯೂರಿಯಾ ಒಂದು ಹಿಡಿ ಬಕೀಟು ನೀರಿಗೆ ಹಾಕಿ ಕೋಲಾಡಿಸಿದರೆ ಅದು ಅಣು ಅಣುವಾಗಿ ಕರಗುತ್ತದೆ, ಆ ಒಂದೊಂದು ಅಣು ಒಂದು ನ್ಯಾನೊಮೀಟರಿಗಿಂತಲೂ ಚಿಕ್ಕದು. ಅಂದರೆ ನಮ್ಮಜ್ಜಿಯ ಕಾಲದ ಬಕೀಟಿನಲ್ಲೇ ನ್ಯಾನೊಗಿಂತ ನ್ಯಾನೊ ಇತ್ತು! ಯೂರಿಯಾ ಕರಗಿಸಿ ಎಲೆಗೆ ಹೊಡೆಯುವುದು ಕೃಷಿ ಇಲಾಖೆಯವರೇ ಎಷ್ಟೋ ವರ್ಷದಿಂದ ಹೇಳಿಕೊಡುವ ಪಾಠ. ಲೀಟರಿಗೆ 20 ಗ್ರಾಂ ಯೂರಿಯಾ, ಅಷ್ಟೇ. ಅದಕ್ಕೆ ಮುಚ್ಚಳ ಇರಲಿಲ್ಲ, ಲೇಬಲ್ ಇರಲಿಲ್ಲ, ಅದೇ ಕೊರತೆ.

ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಎರಡು ವರ್ಷ ಗದ್ದೆಯಲ್ಲೇ ಬೆಳೆದು ನೋಡಿದರು. ಯೂರಿಯಾ ಅರ್ಧ ಕಡಿಮೆ ಮಾಡಿ, ಅದರ ಜಾಗಕ್ಕೆ ನ್ಯಾನೊ ಹೊಡೆದರು. ಪೂರ್ತಿ ಗೊಬ್ಬರ ಕೊಟ್ಟ ಬೆಳೆಗೆ ಹೋಲಿಸಿದರೆ ಭತ್ತದ ಇಳುವರಿ ನೂರಕ್ಕೆ 13, ಗೋಧಿಯದು ನೂರಕ್ಕೆ 21.6 ಕುಸಿಯಿತು. 2023ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು, ನ್ಯಾನೊ ಯೂರಿಯಾದ ಬಗ್ಗೆ ಹೇಳುವ ಮಾತಿಗೆ ವಿಜ್ಞಾನದ ಆಧಾರ ಎಲ್ಲಿದೆ ಅಂತ ವಿಜ್ಞಾನ ಪತ್ರಿಕೆಯಲ್ಲೇ ಬರೆದು ಕೇಳಿದರು. ಡೆನ್ಮಾರ್ಕಿನವರಿಗೆ ನಮ್ಮ ಭತ್ತದ ಚಿಂತೆ ಯಾಕೆ ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿಯೇ ಇರುತ್ತಾರೆ, ನಾನು ಹುಡುಕಲು ಹೋಗಲಿಲ್ಲ.

ಆಮೇಲೆ ಸುಧಾರಣೆ ಆಯಿತು. ಈಗ ನ್ಯಾನೊ ಯೂರಿಯಾ ಪ್ಲಸ್ ಬಂದಿದೆ. ಅದರಲ್ಲಿ ಸಾರಜನಕ 4 ಅಲ್ಲ, 20. ಬಾಟ್ಲಿಗೆ 100 ಗ್ರಾಂ ಆಯಿತು, ಐದು ಪಟ್ಟು. ಬೆಲೆ ಅದೇ 225. ಸಂತೋಷ. ಅಂಗಡಿಯವನಿಗೆ ಫೋನ್ ಮಾಡಿ ಕೇಳಿದೆ, "ಹಾಗಾದರೆ ಪ್ಲಸ್ ಒಂದು ಬಾಟ್ಲಿ ಅಂದರೆ ಐದು ಮೂಟೆಗೆ ಸಮಾನಾ?"

"ಇಲ್ಲ ಸಾರ್, ಒಂದು ಮೂಟೆ."

"4 ಇದ್ದಾಗಲೂ ಒಂದು ಮೂಟೆನೇ ಅಲ್ವಾ?"

"ಹೌದು ಸಾರ್, ಆಗಲೂ ಒಂದು ಮೂಟೆ."

ಈ ಮೂಟೆ ಅನ್ನುವುದು ಬಲು ದೊಡ್ಡ ಮನಸ್ಸಿನದು. ಯಾರು ಬಂದರೂ ಸಮ ಅನ್ನುತ್ತದೆ.

ಮೂಟೆಯ ಕಥೆಯೂ ಸಣ್ಣದಲ್ಲ. ಮೊದಲು 50 ಕೆಜಿ ಇತ್ತು. ರೈತರು ಕೆಜಿ ನೋಡಿ ಹಾಕುವುದಿಲ್ಲ, ಎಕರೆಗೆ ಎರಡು ಮೂಟೆ ಅಂತ ಎಣಿಸಿ ಹಾಕುತ್ತಾರೆ, ಮೂಟೆಯನ್ನೇ ಚಿಕ್ಕದು ಮಾಡಿದರೆ ಬಳಕೆ ತಾನಾಗಿ ಇಳಿಯುತ್ತದೆ ಅಂತ ಯಾರಿಗೋ ಹೊಳೆದು, 2018ರಲ್ಲಿ 45 ಕೆಜಿ ಆಯಿತು. ಮಗು ಜಾಸ್ತಿ ಉಣ್ಣುತ್ತೆ ಅಂತ ತಟ್ಟೆ ಬದಲಾಯಿಸಿದ ಹಾಗೆ. ಆಮೇಲೆ ಗಂಧಕ ಲೇಪಿಸಿದ ಯೂರಿಯಾ ಗೋಲ್ಡ್ ಬಂತು, 40 ಕೆಜಿ, ದುಡ್ಡು ಅದೇ 266 ರೂಪಾಯಿ 50 ಪೈಸೆ. ಐವತ್ತು, ನಲವತ್ತೈದು, ನಲವತ್ತು, ಅರ್ಧ ಲೀಟರ್. ಮುಂದಿನ ಮುಂಗಾರಿಗೆ ಹಾಳೆಯಲ್ಲಿ ಬರೆದು ಕೊಡುತ್ತಾರೋ ಏನೋ, ಮಡಚಿ ಗದ್ದೆ ಬದುವಿನಲ್ಲಿ ಹೂತರೆ ಸಾಕು.

ಇದರ ಹಿಂದೆ ಯಾರಿಗೂ ಕೇಡಿನ ಬುದ್ಧಿ ಇದೆ ಅಂತ ನಾನು ಹೇಳುತ್ತಿಲ್ಲ. ಒಂದು ಮೂಟೆ ಯೂರಿಯಾಕ್ಕೆ ನಿಜವಾಗಿ ತಗಲುವುದು ಎರಡು ಸಾವಿರಕ್ಕಿಂತ ಜಾಸ್ತಿ ಅಂತ ಸರ್ಕಾರವೇ ಹೇಳುತ್ತದೆ, ನಾವು ಕೊಡುವುದು ಅದರಲ್ಲಿ ಒಂದು ಚೂರು. ಬಾಟ್ಲಿಗೆ ಸಬ್ಸಿಡಿ ಇಲ್ಲ. ಹಾಗಾಗಿ ಒಂದು ಮೂಟೆ ಹೋಗಿ ಒಂದು ಬಾಟ್ಲಿ ಬಂದರೆ ದೆಹಲಿಯ ಖಾತೆಯಲ್ಲಿ ಇಳುವರಿ ಬಂದೇ ಬರುತ್ತದೆ, ಆ ಬೆಳೆಗೆ ಮಳೆ ಬೇಡ, ಬಿಸಿಲು ಬೇಡ. ಗದ್ದೆಯಲ್ಲಿ ಬರುತ್ತದೋ ಇಲ್ಲವೋ ಅನ್ನುವುದು ಬೇರೆ ಇಲಾಖೆಯ ವಿಷಯ.

ಹೊಡೆಯುವ ಕಷ್ಟ ಇನ್ನೊಂದು. ಹರಳು ಯೂರಿಯಾ ಆದರೆ ಪಂಚೆ ಎತ್ತಿ ಕಟ್ಟಿ, ಬುಟ್ಟಿ ಸೊಂಟಕ್ಕೆ ಇಟ್ಟು ಎರಚಿದರೆ ಅರ್ಧ ಗಂಟೆಯಲ್ಲಿ ಒಂದೆಕರೆ ಮುಗಿಯಿತು. ಬಾಟ್ಲಿಗೆ ಎಕರೆಗೆ 125 ಲೀಟರ್ ನೀರು ಬೇಕು. 16 ಲೀಟರಿನ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಕೆಸರಿನಲ್ಲಿ ಎಂಟು ಸಲ ಓಡಾಡಬೇಕು. ಹೊಡೆಯುವ ಆಳಿನ ಕೂಲಿ ಬಾಟ್ಲಿಗಿಂತ ದುಬಾರಿ. ಇದಕ್ಕೂ ಪರಿಹಾರ ಕಂಡುಹಿಡಿದಿದ್ದಾರೆ, ಡ್ರೋನ್. 2023ರ ನವೆಂಬರ್‌ನಲ್ಲಿ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. 15,000 ಮಹಿಳಾ ಸಂಘಗಳಿಗೆ ಡ್ರೋನ್, 1,261 ಕೋಟಿ ರೂಪಾಯಿ, ಒಂದು ಡ್ರೋನ್‌ಗೆ 8 ಲಕ್ಷದವರೆಗೆ ಸಹಾಯಧನ. ಹೆಣ್ಣುಮಕ್ಕಳ ಕೈಗೆ ಡ್ರೋನ್ ಬಂದಿದ್ದು ಒಳ್ಳೆಯದೇ, ಕ್ರಿಮಿನಾಶಕ ಹೊಡೆಯಲಾದರೂ ಆಗುತ್ತದೆ. ಆದರೆ ಮೂಟೆಯ ಸಬ್ಸಿಡಿ ಉಳಿಸಲು ಬಾಟ್ಲಿ, ಬಾಟ್ಲಿ ಹೊಡೆಯಲು ಡ್ರೋನು, ಡ್ರೋನಿಗೆ ಸಬ್ಸಿಡಿ! ದೊಡ್ಡಪ್ಪ ಇದನ್ನು ಕೇಳಿ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇಪ್ಪತ್ತು ಗ್ರಾಂ ಹೊತ್ಕಂಡು ಹೋಗಕ್ಕೆ ಇಮಾನ" ಅಂದರು.

ನನಗೆ ಎಲ್ಲಕ್ಕಿಂತ ಮಜಾ ಅನಿಸಿದ್ದು ಮಾರಾಟದ ಲೆಕ್ಕ. ಇಷ್ಟು ಕೋಟಿ ಬಾಟ್ಲಿ ಹೋಯಿತು ಅಂತ ಪ್ರಕಟಣೆ ಬರುತ್ತಿರುತ್ತದೆ, ರೈತರು ಮೆಚ್ಚಿಕೊಂಡಿದ್ದಾರೆ ಅಂತ. ಆ ಲೆಕ್ಕದಲ್ಲಿ ದೊಡ್ಡಪ್ಪನ ತೋರುಬೆರಳೂ ಇದೆ. ಮೂಟೆಗಾಗಿ ಚಪ್ಪಲಿ ನಿಲ್ಲಿಸಿದ ಮನುಷ್ಯ ಬಾಟ್ಲಿ ಮೆಚ್ಚಿದವರ ಪಟ್ಟಿಗೆ ಸೇರಿಹೋದ. ಬಾಟ್ಲಿ ಚೆನ್ನಾಗಿ ಹೋಗುತ್ತಿದೆ, ಇನ್ನೂ ಮಾಡಿ ಅಂತ ಆ ಪಟ್ಟಿಯೇ ಸಾಕ್ಷಿ ಹೇಳುತ್ತದೆ. ಅಷ್ಟೆಲ್ಲ ಬಾಟ್ಲಿ ಅಷ್ಟೆಲ್ಲ ಮೂಟೆಗೆ ಸಮವಾಗಿದ್ದರೆ ಯೂರಿಯಾ ಗೋದಾಮಿನಲ್ಲಿ ಕೊಳೆಯುತ್ತಾ ಬಿದ್ದಿರಬೇಕಿತ್ತು. ಬಿದ್ದಿದ್ದು ಅಂಗಡಿ ಮುಂದೆ ಚಪ್ಪಲಿ.

ಅವತ್ತು ಸಂಜೆ ಕೊಟ್ಟಿಗೆಗೆ ಹೋದಾಗ ಕಿಟಕಿಯಲ್ಲಿ ಬಿಳಿ ಬಾಟ್ಲಿಗಳು ಸಾಲಾಗಿ ನಿಂತಿದ್ದು ನೋಡಿದೆ. ಐದು. ಹೊಸದು ಸೇರಿ ಆರು. ಒಂದರ ಸೀಲೂ ಒಡೆದಿಲ್ಲ. ಎರಡರ ವಾಯಿದೆ ಮುಗಿದಿತ್ತು, ಒಂದಕ್ಕೆ ಜೇಡ ಬಲೆ ಕಟ್ಟಿತ್ತು. "ಹೊಡೀಲಿಲ್ವಾ?" ಅಂದೆ. "ಪೈರಿಗೆ ಯಾಕೆ ಸುಮ್ನೆ ಆಸೆ ಹುಟ್ಸೋದು" ಅಂದರು.

ಮಾರನೆಯ ವಾರ ಎರಡನೇ ಮೂಟೆ ಬೇಕಾಯಿತು. ದೊಡ್ಡಪ್ಪ ಆ ಆರು ಬಾಟ್ಲಿಯನ್ನೂ ಒರೆಸಿ, ಚಪ್ಪಲಿ ಕವರಿನಲ್ಲೇ ಹಾಕಿಕೊಂಡು ಅಂಗಡಿಗೆ ಹೋದರು. ಗಲ್ಲಾಪೆಟ್ಟಿಗೆ ಪಕ್ಕ ಒಂದೊಂದಾಗಿ ಜೋಡಿಸಿದರು.

"ಒಂದು ಬಾಟ್ಲಿ ಒಂದು ಮೂಟೆಗೆ ಸಮ ಅಂದ್ಯಲ್ಲಪ್ಪ. ಇಲ್ಲಿ ಆರು ಅವೆ. ಆರು ಮೂಟೆ ಬ್ಯಾಡ, ಒಂದು ಮೂಟೆ ಕೊಡು ಸಾಕು. ಐದು ನೀನೇ ಮಡೀಕೊ."

ಅಂಗಡಿಯವನು ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಆಮೇಲೆ ಅವನು ಮೆಷಿನ್ ಮುಂದಕ್ಕೆ ತಳ್ಳಿ, "ಬೆರಳು ಇಡಿ ಯಜಮಾನ್ರೆ" ಅಂದ. ಮೂಟೆ ಕೊಟ್ಟ. ಜೊತೆಗೆ ಏಳನೇ ಬಾಟ್ಲಿ.