ಅಲೆಗಳು ಒಟ್ಟಿಗೆ ಕುಣಿದ ಮಾತ್ರಕ್ಕೆ ಸಂಪರ್ಕನಾ?

ತಲೆಯ ಮೇಲೆ ಎಲೆಕ್ಟ್ರೋಡ್ ಇಟ್ಟು ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಎರಡು ಎಲೆಕ್ಟ್ರೋಡ್‌ಗಳ ಅಲೆ ಒಂದೇ ತಾಳಕ್ಕೆ ಏರಿಳಿದರೆ ಮೆದುಳಿನ ಆ ಎರಡು ಭಾಗಗಳು ಮಾತಾಡಿಕೊಳ್ಳುತ್ತಿವೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ ಸ್ವಾಮಿ. ಮೆದುಳಿನ ಸುತ್ತಲಿನ ದ್ರವ, ತಲೆಬುರುಡೆ, ಚರ್ಮ ಎಲ್ಲ ದಾಟಿ ಬರುವಾಗ ಸಿಗ್ನಲ್ ಹರಡಿಕೊಳ್ಳುತ್ತದೆ, ಹಾಗಾಗಿ ಒಳಗೆ ಒಂದೇ ಕಡೆ ಹುಟ್ಟಿದ್ದು ಹಲವು ಎಲೆಕ್ಟ್ರೋಡ್‌ಗಳಿಗೆ ಒಟ್ಟಿಗೇ ತಲುಪುತ್ತದೆ. ಜಾತ್ರೆಯ ಒಂದೇ ತಮಟೆ ಸದ್ದನ್ನು ಎರಡು ಮೈಕು ಹಿಡಿದ ಹಾಗೆ. ಮೈಕುಗಳೇ ಮಾತಾಡಿಕೊಂಡವು ಅಂತ ಯಾರಾದರೂ ಹೇಳುತ್ತಾರಾ?

ಇದಕ್ಕೇ 2004ರಲ್ಲಿ ಸಂಶೋಧಕ ಗೀಡೊ ನೋಲ್ಟೆ ಮತ್ತು ಜೊತೆಗಾರರು ಕೊಹೆರೆನ್ಸಿಯ (ಎರಡು ಅಲೆ ಎಷ್ಟು ತಾಳೆಯಾಗುತ್ತವೆ ಎಂಬ ಅಳತೆ) ಕಾಲ್ಪನಿಕ ಭಾಗವನ್ನು, ಅಂದರೆ ಅಲೆಗಳ ನಡುವೆ ತಡ ಇದ್ದಾಗ ಮಾತ್ರ ಕಾಣುವ ಭಾಗವನ್ನು, ನೋಡಿ ಎಂದರು. ಸುಮ್ನೆ ಹರಡಿದ ಸಿಗ್ನಲ್‌ಗೆ ತಡ ಇರುವುದಿಲ್ಲ, ನಿಜವಾದ ಸಂಪರ್ಕಕ್ಕೆ ಕೆಲವು ಮಿಲಿಸೆಕೆಂಡಾದರೂ ಬೇಕು, ಅಲ್ವಾ? 2007ರ ಫೇಸ್ ಲ್ಯಾಗ್ ಇಂಡೆಕ್ಸ್ (ಒಂದು ಅಲೆ ಇನ್ನೊಂದಕ್ಕಿಂತ ಸತತವಾಗಿ ಹಿಂದೆಯೋ ಮುಂದೆಯೋ ಇದೆಯೇ ಎಂದು ನೋಡುವ ಅಳತೆ) ಹಿಡಿದದ್ದೂ ಇದೇ ದಾರಿ. ತೊಂದರೆ ಏನಂದರೆ, ತಡವಿಲ್ಲದೆ ನಿಜವಾಗಿಯೂ ಒಟ್ಟಿಗೆ ಮಿಡಿಯುವ ಭಾಗಗಳನ್ನೂ ಇವು ಕಸದ ಜೊತೆ ಎಸೆದುಬಿಡುತ್ತವೆ.

ಉಳಿದವನ್ನೆಲ್ಲ ಯಾವುದಕ್ಕೆ ಹೋಲಿಸಿ ಅಳೆಯುತ್ತಾರೋ ಆ ರೆಫರೆನ್ಸ್ ಎಲೆಕ್ಟ್ರೋಡ್ ಎಲ್ಲಿಟ್ಟಿದ್ದರು ಅಂತ ಲೇಖನದಲ್ಲಿ ಒಂದು ಸಾಲೂ ಇಲ್ಲ! ಅದರ ಗದ್ದಲ ಎರಡೂ ಚಾನೆಲ್‌ನಲ್ಲಿ ಕೂತು ಅವು ಒಟ್ಟಿಗೆ ಕುಣಿದಂತೆ ತೋರಿಸಬಹುದು. ಗ್ರೇಂಜರ್ ವಿಧಾನ (ಅರ್ಥಶಾಸ್ತ್ರದಿಂದ ಬಂದದ್ದು; ಒಂದರ ಹಿಂದಿನ ಏರಿಳಿತದಿಂದ ಇನ್ನೊಂದರ ಮುಂದಿನದನ್ನು ಊಹಿಸಬಹುದೇ ಎಂದು ನೋಡುತ್ತದೆ) ಯಾವುದು ಯಾವುದಕ್ಕೆ ಹೇಳುತ್ತಿದೆ ಎಂಬ ದಿಕ್ಕು ತೋರಿಸುತ್ತದೆ ಅನ್ನುವುದೇನೋ ಸರಿ, ಆದರೆ ಎರಡಕ್ಕೂ ಮೂರನೆಯದೊಂದು, ಮೆದುಳಿನ ಆಳದಲ್ಲಿರುವ ಥಾಲಮಸ್ ಅಂತಿಟ್ಟುಕೊಳ್ಳಿ, ಕೆಳಗಿನಿಂದ ತಾಳ ಕೊಡುತ್ತಿದ್ದರೆ ಅದೂ ಮೋಸ ಹೋಗುತ್ತದೆ. ಚಿತ್ರದಲ್ಲಿ ಅಷ್ಟೊಂದು ಬಾಣ ಎಳೆಯುವ ಮೊದಲು ಇದನ್ನೂ ಹೇಳಬಹುದಿತ್ತು.