ಚಿಂಕಾರಕ್ಕ ಸೂಜಿ, ಎಮ್ಮಿಗೆ ನಾಳೆ

2025ರ ನವೆಂಬರ್‌ದಾಗ ಬೆಳಗಾವಿ ಹತ್ತಿರದ ಭೂತರಾಮನಹಟ್ಟಿ ಮೃಗಾಲಯದಾಗ ಸುಮಾರು 30 ಕೃಷ್ಣಮೃಗ ಗಳಲೆ (ಗಂಟಲು ಬ್ಯಾನಿ) ರೋಗಕ್ಕ ಸತ್ತವು. ಅವತ್ತಿನಿಂದ ನಮ್ಮ ಬಾಗಲಕೋಟಿ ಕಡೆ ಕಟ್ಟಿ ಮ್ಯಾಲ ಕುಂತವರೆಲ್ಲಾ ಕಾಡುಪ್ರಾಣಿ ಡಾಕ್ಟರ್ ಆಗ್ಯಾರ. ಯಡಹಳ್ಳಿ ಗುಡ್ಡದಾಗಿನ ಚಿಂಕಾರ ಅನ್ನೋ ಸಣ್ಣ ಜಿಂಕಿಗೂ ಲಸಿಕಿ ಹಾಕ್ರಿ ಅಂತ ಒಬ್ಬ ಮುಖಂಡರು ಮನವಿ ಕೊಟ್ಟು ಫೋಟೊ ಹೊಡಿಸಿಕೊಂಡ್ರು. ಫೋಟೊದಾಗ ಹನ್ನೊಂದು ಮಂದಿ ಇದ್ರು. ಅದರಾಗ ಚಿಂಕಾರ ನೋಡಿದವರು ಯಾರೂ ಇರಲಿಲ್ಲ.

ಹಿಡಿಯೋದು ಹೆಂಗ್ರೀ? ಜಿಂಕಿ ಜಾತಿ ಬೆನ್ನಟ್ಟಿದ್ರ ಗಾಬರಿಗೇ ಸಾಯ್ತಾವ.

‘ಅಮೆರಿಕಾದಾಗ ಗುಂಡು ಹೊಡಿತಾರ’ ಅಂದ್ರು. ಖರೆ, ಹೊಡಿತಿದ್ರು. ಅಲ್ಲಿನ ವಯೋಮಿಂಗ್ ರಾಜ್ಯದಾಗ ಎಲ್ಕ್ ಅಂತ, ನಮ್ಮ ಕಡವಿಯಂಥಾ ಜಿಂಕಿ. ಗಬ್ಬ ಇಳಿಸೋ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕಿಯನ್ನ ಮೈಯಾಗ ಕರಗೋ ಗುಂಡಿನಾಗ ತುಂಬಿ, ಗಾಳಿ ಬಂದೂಕಿಲೆ 1985ರಿಂದ ಸುಮಾರು ಮೂವತ್ತು ವರ್ಷ ಹೊಡದ್ರು. ಗುಂಡು ಕರಗಿತು, ರೋಗ ಕರಗಲಿಲ್ಲ. ಯೆಲ್ಲೊಸ್ಟೋನ್ ಕಾಡಿನ ಬೈಸನ್ನಿಗೂ (ಅಲ್ಲಿನ ಕಾಡುಕೋಣ) ಹಂಗ ಹೊಡಿಯೋಣೇನು ಅಂತ ವರ್ಷಗಟ್ಟಲೆ ಕಾಗದ ಬರದು, 2014ರಾಗ ಬ್ಯಾಡ ಅಂದ್ರು. ಅಷ್ಟಕ್ಕೂ ಆ ರೋಗ ಬೈಸನ್ನಿಗೆ ಬಂದದ್ದು ಸಾಕಿದ ದನದಿಂದ. ಹೆಸರು ಕೆಟ್ಟದ್ದು ಮಾತ್ರ ಬೈಸನ್ನಿಂದು.

ಇಷ್ಟು ಹೇಳಿದ್ರೂ ನಮ್ಮವರು ಕೇಳ್ಯಾರೇನು? ಯೋಜನಿ ಮುಂದ ಹೋಗೇತಿ. ದನಕ್ಕ ಕಿವಿಯಾಗ 12 ಅಂಕಿ ಬಿಲ್ಲೆ ಹಾಕತಾರಲ್ಲ, ಚಿಂಕಾರಕ್ಕೂ ಹಾಕೋದಂತ. ಮಾಲೀಕರ ಮೊಬೈಲಿಗೆ ಓಟಿಪಿ ಬರಬೇಕಲ್ಲ, ಗುಡ್ಡದ ಮಾಲೀಕರು ಯಾರು ಅಂತ ಪತ್ರ ಬರದಾರ. ನೆಟ್‌ವರ್ಕ್ ಸಿಗೋತನಕ ಚಿಂಕಾರ ನಿಂದರಬೇಕು.

ಗಳಲೆ ರೋಗದ ಸೂಕ್ಷ್ಮಾಣು ಗಟ್ಟಿಮುಟ್ಟಾದ ದನದ ಗಂಟಲಾಗೂ ಸುಮ್ಮನ ಕುಂತಿರತೈತಿ. ಹವಾ ಬದಲಾಗಿ ಪ್ರಾಣಿ ಸೋತಿತು ಅಂದ್ರ ಎದ್ದು, ಒಂದೆರಡು ದಿನದಾಗ ಲೆಕ್ಕ ಚುಕ್ತಾ ಮಾಡತೈತಿ. ಅದಕ್ಕ ಮಳಿಗಿಂತ ಮೊದಲ ಲಸಿಕಿ ಹಾಕಬೇಕು ಅನ್ನೋದು. ನಮ್ಮ ಎಮ್ಮಿ ಓಡಿ ಹೋಗೂದಿಲ್ಲ, ಗೂಟಕ್ಕ ಕಟ್ಟೇತಿ. ಮಳಿ ಬಿದ್ದು ಹದಿನೈದು ದಿನ ಆತು. ದನದ ದವಾಖಾನಿಗೆ ಮೂರು ಸಲ ಹೋಗಿ ಬಂದೆ.

‘ಇವತ್ತ ಯಾರೂ ಇಲ್ರಿ, ಚಿಂಕಾರ ಎಣಸಾಕ ಹೋಗ್ಯಾರ. ನಾಳೆ ಬರ್ರಿ.’

ಮನಿಗೆ ಬಂದು ಹೇಳಿದೆ. ಕಾಕಾ ತಂಬಾಕ ತಿಕ್ಕೋದು ನಿಲ್ಲಿಸಿದ.

‘ಎಮ್ಮಿ ಹಗ್ಗ ಬಿಚ್ಚೋ ತಮ್ಮಾ. ಯಡಹಳ್ಳಿ ಗುಡ್ಡಕ್ಕ ಬಿಟ್ಟು ಬಾ. ಚಿಂಕಾರ ಅಂತ ತಿಳದು ಸೂಜಿ ಹೊಡದರ ಹೊಡದಾರು.’